ಗೊಂಬೆಗಳ ಜೊತೆ ಮಲಗಿದ ಅಜ್ಜಿಯ ಸೆಟ್ಟು

ನಮ್ಮಜ್ಜಿ ನೆಚ್ಚಿಕೊಂಡಿದ್ದ ಇಂಗ್ಲಿಷ್ ಪದ ಒಂದೇ ಒಂದು: ಸೆಟ್. ಉಳಿದವರು ನೂರಾರು ಪದ ಇಟ್ಟುಕೊಂಡು ಒದ್ದಾಡುವ ಕಡೆಯಲ್ಲೆಲ್ಲ ಅಜ್ಜಿ ಇದೊಂದರಲ್ಲೇ ದಾಟಿಬಿಡುತ್ತಿದ್ದಳು. ತಾತನಿಗೆ ಪೇಟೆಯಲ್ಲಿ ಸ್ಟೀಲ್ ಪಾತ್ರೆ ಅಂಗಡಿ. ಡಬ್ಬಿ ಸೆಟ್ಟು, ಲೋಟದ ಸೆಟ್ಟು, ಡಿನ್ನರ್ ಸೆಟ್ಟು ಅಂತ ದಿನವಿಡೀ ಅಂದುಕೊಂಡು ಬರುವ ತಾತನ ಬಾಯಲ್ಲಿ ಆ ಪದ ಚಾಮರಾಜಪೇಟೆಯ ನಮ್ಮ ಮನೆಗೆ ಬಂತಂತೆ. ತಾತ ಅದನ್ನು ಪಾತ್ರೆಗಷ್ಟೇ ಬಳಸಿದರು. ಅಜ್ಜಿ ಅದಕ್ಕೆ ಊರೆಲ್ಲ ತೋರಿಸಿದಳು.

ಚಳಿಗಾಲದಲ್ಲಿ ಮೊಸರು ಸೆಟ್ಟಾಗುತ್ತಿರಲಿಲ್ಲ. ಬಚ್ಚಲಿಗೆ ಸಿಮೆಂಟ್ ಹಾಕಿಸಿದಾಗ ಅದು ಸೆಟ್ಟಾಗುವವರೆಗೆ ನಮ್ಮೆಲ್ಲರ ಸ್ನಾನ ಎದುರುಮನೆಯಲ್ಲಿ. ಬಿ.ಪಿ. ಮಾತ್ರೆಯಲ್ಲಿ ಬಿಳಿಯದು ಅಜ್ಜಿಗೆ ಸೆಟ್ಟಾಗುತ್ತಿತ್ತು, ಗುಲಾಬಿಯದು ಜಪ್ಪಯ್ಯ ಅಂದರೂ ಸೆಟ್ಟಾಗುತ್ತಿರಲಿಲ್ಲ. ಪಕ್ಕದ ಮನೆಯ ಅತ್ತೆ ಸೊಸೆಗೆ ಸೆಟ್ಟಾಗಲ್ಲ. ಮೇಲಿನ ಮನೆಯವಳಿಗೂ ಅವಳ ನಾದಿನಿಗೂ ತುಂಬ ಚೆನ್ನಾಗಿ ಸೆಟ್ಟಾಗಿದೆ, ಅಜ್ಜಿಗೆ ಅನುಮಾನ ಬರುತ್ತಿದ್ದದ್ದೇ ಅದರ ಮೇಲೆ. ಯಾರಾದರೂ ಊರಿಗೆ ಹೊರಟರೆ ‘ಒಂದು ಸೆಟ್ ಬಟ್ಟೆ ಜಾಸ್ತಿ ಇಟ್ಕೊ’. ಗಣೇಶನ ಹಬ್ಬಕ್ಕೆ ಬಾಗಿಲ ಮೇಲೆ ಮಿಣಮಿಣ ಅನ್ನುವ ಸೀರಿಯಲ್ ಸೆಟ್ಟು. ಮೂರು ತಿಂಗಳಿಂದ ಆಗದ ಖಾತೆ ಯಾರಿಗಾದರೂ ಮೂರು ದಿನದಲ್ಲಿ ಆದರೆ, ‘ಒಳಗೆ ಯಾರನ್ನೋ ಸೆಟ್ ಮಾಡಿದಾನೆ.’ ಮಧ್ಯಾಹ್ನ ಬೀದಿಯ ಮೂವರು ಮುದುಕಿಯರನ್ನು ಕೂರಿಸಿಕೊಂಡು ರಮ್ಮಿ ಆಡುವಾಗಲಂತೂ ನಾಲ್ಕು ಮನೆಗೆ ಕೇಳುವ ಹಾಗೆ ಕೂಗುತ್ತಿದ್ದಳು: ‘ಸೆಟ್ಟಾಯ್ತು, ಶೋ!’

ನಾನಾಗ ಇಂಗ್ಲಿಷ್ ಎಂ.ಎ. ಓದುತ್ತಿದ್ದೆ, ತಲೆ ಸ್ವಲ್ಪ ಮೇಲೇ ಇತ್ತು. ಒಂದು ದಿನ ದಪ್ಪ ಡಿಕ್ಷನರಿ ತಂದು ಅಜ್ಜಿಯ ಮುಂದೆ ಬಿಚ್ಚಿದೆ. ‘ನೋಡಜ್ಜಿ, ನಿನ್ನ ಸೆಟ್ಟಿಗೆ ಪುಟಗಟ್ಟಲೆ ಅರ್ಥ ಕೊಟ್ಟಿದಾರೆ.’ ಅಜ್ಜಿ ಕನ್ನಡಕ ಸರಿಮಾಡಿಕೊಂಡು, ಒಂದಕ್ಷರ ಓದಲು ಬರದಿದ್ದರೂ ಪುಟದ ಮೇಲೆ ಬೆರಳಾಡಿಸಿದಳು.

‘ಇದ್ರಲ್ಲಿ ಸೆಟ್ ದೋಸೆ ಇದೆಯೇನೇ?’

‘ಇಲ್ಲಜ್ಜಿ.’

‘ಹಲ್ಸೆಟ್ಟು?’

‘ಅದೂ ಇಲ್ಲ.’

‘ಹಂಗಾದ್ರೆ ಇದು ಫುಲ್ ಸೆಟ್ ಅಲ್ಲ. ವಾಪಸ್ ಕೊಟ್ಬಿಡು.’

ಅಜ್ಜಿ ಕೇಳಿದ ಆ ಎರಡೂ ನನ್ನ ಬದುಕಿಗೆ ಗಂಟುಬಿದ್ದಿದ್ದವು ಅನ್ನುವುದು ಆಗ ನನಗೆ ತಿಳಿಯಲಿಲ್ಲ.

ಮೊದಲು ಹಲ್ಸೆಟ್ಟಿನ ವಿಷಯ. ಅಜ್ಜಿಯ ಹಲ್ಲುಗಳು ಅರವತ್ತಕ್ಕೇ ರಾಜೀನಾಮೆ ಕೊಟ್ಟಿದ್ದವು. ಕಟ್ಟಿಸಿದ ಸೆಟ್ಟು ಮಾತ್ರ ಬಲು ಚೆಂದ. ಅಷ್ಟು ಸಾಲಾದ ಬಿಳಿ ಹಲ್ಲು ನಮ್ಮ ವಂಶದಲ್ಲಿ ಯಾರಿಗೂ ದೇವರು ಕೊಟ್ಟಿರಲಿಲ್ಲ. ಅದಿಲ್ಲದೆ ಅಜ್ಜಿಯನ್ನು ತಾತ ಕೂಡ ನೋಡಲಿಲ್ಲವಂತೆ. ಬೆಳಗ್ಗೆ ಎಲ್ಲರಿಗಿಂತ ಮುಂಚೆ ಎದ್ದು ಅದನ್ನು ಹಾಕಿಕೊಂಡೇ ಬಾಗಿಲಿಗೆ ನೀರು ಹಾಕುತ್ತಿದ್ದಳು. ನಮ್ಮ ಮನೆಯಲ್ಲಿ ಆರತಿ ಎತ್ತಿದರೆ ಹಾಡು ಅಜ್ಜಿಯದೇ, ಆ ಹಲ್ಲು ಬಾಯಲ್ಲಿದ್ದರೇ ಹಾಡು. ಬೊಚ್ಚುಬಾಯಿ ಬಿಟ್ಟುಕೊಂಡು ನಾಲ್ಕು ಜನರ ಮುಂದೆ ನಿಲ್ಲುವುದಕ್ಕಿಂತ ಸಾಯುವುದು ವಾಸಿ ಎಂದು ಅವಳು ನೇರವಾಗಿಯೇ ಹೇಳುತ್ತಿದ್ದಳು.

ಇನ್ನು ಸೆಟ್ ದೋಸೆ. ಕಾಲೇಜಿನ ಹಿಂದಿನ ರಸ್ತೆಯ ದರ್ಶಿನಿಯಲ್ಲಿ ಒಂದು ಪ್ಲೇಟಿಗೆ ಮೂರು ದೋಸೆ, ಜೊತೆಗೆ ಸಾಗು. ನಾವಿಬ್ಬರು, ನಾನೂ ಕಾಲೇಜಿನ ಒಬ್ಬ ಹುಡುಗನೂ. ನನಗೊಂದು, ಅವನಿಗೊಂದು, ಮೂರನೆಯದು ಯಾರಿಗೆ? ‘ನೀನು ತಿನ್ನು’, ‘ಇಲ್ಲ ನೀನು’ ಅಂತ ಶುರುವಾದದ್ದು, ಅರ್ಧರ್ಧ ಹರಿದು ತಿನ್ನುವಲ್ಲಿಗೆ ಬಂದು, ಎರಡು ವರ್ಷ ನಡೆಯಿತು. ಆರು ರೂಪಾಯಿ ಕೊಟ್ಟರೆ ಇನ್ನೊಂದು ದೋಸೆ ಬರುತ್ತಿತ್ತು, ಇಬ್ಬರಿಗೂ ಅದು ಹೊಳೆಯಲಿಲ್ಲ. ಅವನ ಗೆಳೆಯ ಪಕ್ಕದ ಟೇಬಲ್ಲಿಂದ ಕಣ್ಣು ಹೊಡೆದು ‘ಏನ್ ಮಗಾ, ಸೆಟ್ಟಾಯ್ತಾ?’ ಅಂತ ಕೇಳಿದ ದಿನ ನನಗೆ ಸಾಗು ನೆತ್ತಿಗೆ ಹತ್ತಿತು.

ಅವನದು ಓಕಳಿಪುರಂ, ರೈಲು ಹಳಿಗೆ ಅಂಟಿಕೊಂಡ ಮನೆ. ಮಾತಿನ ಮಧ್ಯೆ ಥಟ್ಟನೆ ನಿಲ್ಲಿಸಿ ಸ್ವಲ್ಪ ಹೊತ್ತು ಸುಮ್ಮನಿದ್ದು ಮುಂದುವರಿಸುತ್ತಿದ್ದ. ನಾಚಿಕೆ ಸ್ವಭಾವ, ಪಾಪ, ಎಂದು ನಾನು ಕರಗಿಹೋಗಿದ್ದೆ. ಆಮೇಲೆ ನೋಡಿದರೆ ಅದು ರೈಲು ದಾಟಿಹೋಗಲಿ ಅಂತ ಕಾಯುವ ಅಭ್ಯಾಸ. ಅವರ ಮನೆಯಲ್ಲಿ ಎಲ್ಲರೂ ಹಾಗೇ. ಅಷ್ಟರಲ್ಲಿ ಕಾಲ ಮೀರಿತ್ತು, ನನಗೆ ಅವನೇ ಬೇಕಾಗಿತ್ತು.

ಬೇಕಾದರೆ ಸಾಕೇ? ನಮ್ಮದು ಶಿವಪೂಜೆ ಮಾಡುವ ಪೇಟೆ ವ್ಯಾಪಾರದ ಮನೆ. ಮೊಟ್ಟೆಯ ಚಿತ್ರ ಬಿಡಿಸಿದರೂ ಆ ಪುಸ್ತಕ ಅಡುಗೆಮನೆಗೆ ಬರುವಂತಿಲ್ಲ. ಅವರದು ಊರಿನಲ್ಲಿ ಹೊಲಗದ್ದೆ ಇರುವ ಗೌಡರ ಮನೆ, ಭಾನುವಾರ ಕೋಳಿ ಸಾರು ಇಲ್ಲದಿದ್ದರೆ ಅದು ಭಾನುವಾರವೇ ಅಲ್ಲ. ಎರಡೂ ಕಡೆ ಆರು ತಿಂಗಳು ಕೂಗಾಟ ಆಯಿತು. ನಮ್ಮಲ್ಲಿ ಕೂಗಾಡದವಳು ಅಜ್ಜಿ ಒಬ್ಬಳೇ. ಒಂದು ಸಂಜೆ ಅಪ್ಪ ‘ಇದು ಸೆಟ್ಟಾಗೋ ಸಂಬಂಧ ಅಲ್ಲಮ್ಮ’ ಅಂದಾಗ ಹಾಲಿಗೆ ಹೆಪ್ಪು ಹಾಕುತ್ತಿದ್ದ ಅಜ್ಜಿ ತಲೆ ಎತ್ತದೆ ಹೇಳಿದಳು: ‘ಸೆಟ್ಟಾಗುತ್ತೋ ಇಲ್ವೋ ಹೆಪ್ಪು ಹಾಕಿದ್ಮೇಲೆ ಗೊತ್ತಾಗೋದು. ಹಾಲನ್ನ ಹಾಲಾಗೇ ಇಟ್ಕೊಂಡು ನೋಡ್ತಾ ಕೂತ್ರೆ ಒಡೆದೇ ಹೋಗುತ್ತೆ ಕಣಪ್ಪ.’ ಅಪ್ಪ ಮೆತ್ತಗಾದರು.

ಅವರ ಮನೆಯಲ್ಲಿ ಎಲ್ಲವೂ ಅವನ ಅಜ್ಜಿಯ ಕೈಯಲ್ಲಿತ್ತು. ಎಂಬತ್ತು ದಾಟಿದ ಆ ಯಜಮಾನಿ ಹೂಂ ಅಂದರೆ ಹೂಂ, ಊಹೂಂ ಅಂದರೆ ಊಹೂಂ. ಬಹಳ ದಿನ ಏನೂ ಅನ್ನದೆ ಇದ್ದು, ಕೊನೆಗೆ ಒಂದು ಮಾತು ಹೇಳಿದ್ದರಂತೆ: ‘ಆ ಮನೆ ಮುದುಕೀನ ಒಂದ್ಕಿತ ಮಾತಾಡುಸ್ಬೇಕು ಕಣ್ಲಾ. ಮನೆ ಹಿರೀಕಳು ಬಾಯಿ ಬುಟ್ರೆ ಮನೆ ಎಂತದು ಅಂತ ಗೊತ್ತಾಯ್ತದೆ.’ ಅಂದರೆ ನನ್ನ ಮದುವೆ ಈಗ ನಮ್ಮಜ್ಜಿಯ ಬಾಯಿಯ ಮೇಲೆ ನಿಂತಿತ್ತು. ನನಗೆ ಕಿಂಚಿತ್ತೂ ಭಯವಿರಲಿಲ್ಲ. ನಮ್ಮಜ್ಜಿ ಬಾಯಿ ಬಿಟ್ಟರೆ ಯಾರು ಸೋಲುವುದಿಲ್ಲ?

ಆ ವರ್ಷದ ದಸರಾ ಮುಗಿದಿತ್ತು. ನಮ್ಮ ಮನೆಯಲ್ಲಿ ಒಂಬತ್ತು ದಿನ ಗೊಂಬೆ ಕೂರಿಸುತ್ತಿದ್ದೆವು: ದಶಾವತಾರದ ಸೆಟ್ಟು, ಮದುವೆ ಸೆಟ್ಟು, ಕ್ರಿಕೆಟ್ ಸೆಟ್ಟು, ಮೂಗು ಮುರಿದ ಕ್ಲಾರಿನೆಟ್‌ನವನಿರುವ ಬ್ಯಾಂಡ್‌ಸೆಟ್ಟು. ಎಲ್ಲಕ್ಕಿಂತ ಮೇಲಿನ ಮೆಟ್ಟಿಲಲ್ಲಿ ಪಟ್ಟದ ಗೊಂಬೆಗಳು, ಕೆಂಪು ಮರದ ರಾಜ ರಾಣಿ. ಅಜ್ಜಿಯ ಮದುವೆಯಲ್ಲಿ ಅವಳ ತಾಯಿ ಮಡಿಲಿಗೆ ಹಾಕಿದ ಜೋಡಿ ಅದು. ವಿಜಯದಶಮಿ ಸಂಜೆ ಆರತಿ ಮಾಡಿ, ಹಾಡು ಹೇಳಿ, ಆ ಜೋಡಿಯನ್ನು ಮಲಗಿಸಬೇಕು. ಮಾರನೆಯ ದಿನ ಎಲ್ಲ ಗೊಂಬೆಗಳನ್ನೂ ಬಟ್ಟೆಯಲ್ಲಿ ಸುತ್ತಿ ಟ್ರಂಕಿಗೆ. ಟ್ರಂಕು ಮುಚ್ಚಿದ ಮೇಲೆ ಮುಂದಿನ ದಸರಾವರೆಗೆ ಅದನ್ನು ತೆಗೆಯುವಂತಿಲ್ಲ. ಮಲಗಿದ ಗೊಂಬೆಗಳನ್ನು ಎಬ್ಬಿಸಬಾರದು. ಇದು ನಮ್ಮ ಮನೆಯ ಕಟ್ಟುನಿಟ್ಟು.

ಸುತ್ತುವ ಕೆಲಸ ನನ್ನದು. ನಡುಮನೆ ತುಂಬ ತಾತನ ಹಳೆಯ ಪಂಚೆಯ ತುಂಡುಗಳು. ಮುಚ್ಚಳದ ಒಳಗಡೆ ಅಂಟಿಸಿದ ಪಟ್ಟಿಯ ಪ್ರಕಾರ ಅರವತ್ತೆರಡು ಗಂಟು ಆಗಬೇಕು. ಅಜ್ಜಿ ಪಕ್ಕದಲ್ಲಿ ಕೂತು ಮೇಸ್ತ್ರಿಕೆ ಮಾಡುತ್ತಿದ್ದಳು. ಹಿಂದಿನ ದಿನ ಗಂಟಲು ಹರಿಯುವಂತೆ ಹಾಡಿದ್ದಕ್ಕೋ ಏನೋ, ಸೆಟ್ಟು ವಸಡಿಗೆ ಒತ್ತುತ್ತಿತ್ತಂತೆ. ನಾನೊಬ್ಬಳೇ ಇದ್ದೆನಲ್ಲ, ಸೆರಗು ಮರೆಮಾಡಿಕೊಂಡು ಅದನ್ನು ತೆಗೆದಳು. ಕೈಗೆ ಸಿಕ್ಕ ಒಂದು ಪಂಚೆ ತುಂಡಿನಲ್ಲಿ ಸುತ್ತಿಟ್ಟು, ಪೂಜೆಗೆ ಹೊತ್ತಾಯಿತೆಂದು ಒಳಗೆ ಹೋದಳು.

ಅದೇ ಕ್ಷಣಕ್ಕೆ ನನ್ನ ಫೋನು ಕಿಣಿ ಅಂದಿತು. ಅವನ ಮೆಸೇಜು: ‘ಭಾನುವಾರ ಅಜ್ಜಿ ಬರ್ತಾರೆ! ನಿಮ್ಮಜ್ಜೀನ ನೋಡೋಕೆ!!’

ಶಿವನೇ! ಆಮೇಲೆ ನನಗೆ ನೆಲ ಎಲ್ಲಿದೆ, ಕಾಲು ಎಲ್ಲಿದೆ ಒಂದೂ ಗೊತ್ತಿಲ್ಲ. ಎಡಗೈಯಲ್ಲಿ ಅವನಿಗೆ ಉತ್ತರ, ಬಲಗೈಯಲ್ಲಿ ಗೊಂಬೆ. ಕೃಷ್ಣನಿಗೆ ಮುತ್ತು ಕೊಟ್ಟು ಸುತ್ತಿದೆ, ನರಸಿಂಹನಿಗೆ ಕೆನ್ನೆ ಸವರಿ ಸುತ್ತಿದೆ, ಕ್ಲಾರಿನೆಟ್‌ನವನಿಗೆ ‘ನೀನೇ ಬಾರಿಸ್ಬೇಕಪ್ಪ ನಮ್ಮ ಮದುವೇಲಿ’ ಅಂದು ಸುತ್ತಿದೆ. ಬಿಳಿ ಗಂಟು ಕಂಡದ್ದೆಲ್ಲ ಟ್ರಂಕಿಗೆ. ಎಣಿಸಿದರೆ ಅರವತ್ತಮೂರು. ಎಣಿಸುವುದರಲ್ಲಿ ತಪ್ಪಿರಬೇಕು ಬಿಡು ಅಂದುಕೊಂಡು, ಭಾನುವಾರದ ಸುದ್ದಿಯನ್ನು ಮನೆಗೆಲ್ಲ ಕೂಗಿ ಹೇಳಿದೆ. ಅಪ್ಪ ಬೀಗ ಹಾಕಿದರು, ಅಮ್ಮ ಟ್ರಂಕಿಗೆ ಅರಿಶಿನ ಕುಂಕುಮ ಇಟ್ಟಳು, ಅಪ್ಪನೂ ನಾನೂ ಸೇರಿ ಅಟ್ಟಕ್ಕೆ ಏರಿಸಿದೆವು.

ಊಟಕ್ಕೆ ಎಲೆ ಹಾಕಿದಾಗ ಅಜ್ಜಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಡುಮನೆಯಲ್ಲಿ ಏನನ್ನೋ ತಡಕಾಡುತ್ತಿದ್ದಳು. ನನಗೆ ಗಂಟುಗಳ ಲೆಕ್ಕ ನೆನಪಾಯಿತು. ಅರವತ್ತಮೂರು!

‘ಅಜ್ಜೀ, ಅದು... ಮೇಲೆ ಹೋಯ್ತು.’

ಅಮ್ಮ ಅನ್ನದ ಕೈ ಹಾಗೇ ಹಿಡಿದು ನಿಂತಳು. ‘ಎಂಜಲು ಹಲ್ಲು! ಪಟ್ಟದ ಗೊಂಬೆ ಜೊತೆ! ತೆಗೀರಿ ಮೊದ್ಲು ಟ್ರಂಕ!’ ಅಪ್ಪ ಏಣಿ ತರಲು ಎದ್ದರು. ಅಜ್ಜಿ ಅಟ್ಟವನ್ನೇ ಒಂದು ಗಳಿಗೆ ನೋಡಿ, ಬೇಡವೆಂದು ಕೈ ಆಡಿಸಿದಳು. ಹಲ್ಲಿಲ್ಲದ ಅವಳ ಮಾತಿನಲ್ಲಿ ಅರ್ಧ ಅಕ್ಷರ ಗಾಳಿಯೇ ಆಗಿರುತ್ತಿತ್ತು. ಅದನ್ನೆಲ್ಲ ಇಲ್ಲಿ ನಾನೇ ತಿದ್ದಿ ಬರೆಯುತ್ತಿದ್ದೇನೆ. ‘ಮಲಗಿದ್ದಾಯ್ತು. ಎಬ್ಬಿಸಬಾರ್ದು. ನಂಗೆ ಭಾನುವಾರ ಜ್ವರ ಅಂತ ಹೇಳ್ಬಿಡಿ.’

ಜ್ವರವಂತೆ! ಅವರು ಬರುತ್ತಿರುವುದೇ ಇವಳನ್ನು ಮಾತಾಡಿಸಲು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರಲ್ಲ, ನನಗೆ ಬಾಯಿಯೇ ಇಲ್ಲದ ಹಾಗಾಯಿತು. ರಸ್ತೆ ತುದಿಯ ಹಲ್ಲಿನ ಡಾಕ್ಟರಿಗೆ ಓಡಿದೆ. ಅಳತೆ ತಗೋಬೇಕು, ಮೇಣ ಕಚ್ಚಿಸ್ಬೇಕು, ಟ್ರಯಲ್ ನೋಡ್ಬೇಕು, ಹದಿನೈದು ದಿನಾನಾದ್ರೂ ಬೇಕು ಮೇಡಂ ಅಂದರು. ಇದ್ದದ್ದು ನಾಲ್ಕು ದಿನ. ರಮ್ಮಿ ಗೆಳತಿಯರಿಗೆ ಸುದ್ದಿ ಮುಟ್ಟಿ, ಅವರಲ್ಲೊಬ್ಬರು ತಮ್ಮದೇ ಸೆಟ್ಟನ್ನು ಬಟ್ಟಲಲ್ಲಿ ಹಾಕಿ ಹಿಡಿದುಕೊಂಡು ಬಂದರು. ‘ಹಾಕ್ಕೊಳ್ಳಿ ಅಕ್ಕ, ಭಾನುವಾರ ನಾನು ಗಂಜಿ ಕುಡ್ಕೊಂಡಿರ್ತೀನಿ.’ ಅಮ್ಮ ಕಣ್ಣು ಮುಚ್ಚಿಕೊಂಡು ಶಿವ ಶಿವಾ ಅನ್ನುತ್ತಿದ್ದಂತೆ ಅಜ್ಜಿ ಹಾಕಿಯೇ ನೋಡಿದಳು. ಹಲ್ಲು ತುಟಿಯಿಂದ ಅರ್ಧ ಇಂಚು ಮುಂದೆ ಬಂದು ನಿಂತಿತು. ಕನ್ನಡಿ ನೋಡಿಕೊಂಡು ಅಜ್ಜಿಯೇ ಹೆದರಿ ತೆಗೆದಿಟ್ಟಳು. ‘ಸೆಟ್ಟಾಗಲ್ಲ ಕಣಮ್ಮ, ತಪ್ಪು ತಿಳ್ಕೋಬೇಡ.’

ಗುರುವಾರ ಮಧ್ಯಾಹ್ನ ನನ್ನ ತಾಳ್ಮೆ ಕೆಟ್ಟಿತು. ಅಪ್ಪ ಅಂಗಡಿಯಲ್ಲಿ, ಅಮ್ಮ ದೇವಸ್ಥಾನದಲ್ಲಿ, ಅಜ್ಜಿ ಮಲಗಿದ್ದಾಳೆ. ಬೀಗದ ಕೈ ಕದ್ದು, ಏಣಿ ಹಾಕಿ, ಅಟ್ಟ ಹತ್ತಿದೆ. ಬೀಗ ತೆಗೆದೂ ಆಯಿತು. ಮುಚ್ಚಳಕ್ಕೆ ಕೈ ಹಾಕಿದೆ, ಕೆಳಗಿನಿಂದ ದನಿ ಬಂತು.

‘ಇಳಿ.’

ಅಜ್ಜಿ ಏಣಿಯ ಬುಡದಲ್ಲಿ ನಿಂತಿದ್ದಳು.

ನನಗೆ ಅಳುವೂ ಸಿಟ್ಟೂ ಒಟ್ಟಿಗೇ ಬಂತು. ‘ಮರದ ಗೊಂಬೆಗೆ ನಿದ್ದೆ ಏನಜ್ಜಿ? ನನ್ನ ಮದ್ವೆಗಿಂತ ಆ ಗೊಂಬೆ ಹೆಚ್ಚಾ ನಿಂಗೆ?’

‘ಮರದ ಗೊಂಬೆಗೆ ಎಲ್ಲಿ ನಿದ್ದೆ ಬರುತ್ತೆ? ನಂಗೆ ಬರುತ್ತೆ,’ ಅಂದಳು. ‘ಆ ಜೋಡಿ ನಂಗೆ ನಮ್ಮಮ್ಮ ಕೊಟ್ಟಿದ್ದು, ನಾಳೆ ನಿನ್ನ ಮಡಿಲಿಗೆ ಬೀಳೋದು. ನಿನ್ನ ಮದುವೆ ಮಾತು ನಡೀತಿರೋವಾಗ ಅದನ್ನ ಅರ್ಧ ನಿದ್ದೇಲಿ ಎಬ್ಬಿಸಿ, ಆಮೇಲೆ ನಿನ್ನ ಸಂಸಾರದಲ್ಲಿ ಒಂದು ಲೋಟ ಕೆಳಗೆ ಬಿದ್ರೂ ನಾನು ಮಲಗಲ್ಲ ಕಣೇ. ನನ್ನ ಹಲ್ಲಿನ ಶೋಕಿಗೆ ಹಿಂಗಾಯ್ತು ಅಂತ ಒದ್ದಾಡ್ತಾ ಇರ್ತೀನಿ. ಬೇಡ. ಇಳಿ.’

ನಾನು ಬೀಗ ಹಾಕಿ ಇಳಿದೆ. ಅಜ್ಜಿ ನನ್ನ ಕೂದಲ ಮೇಲಿನ ಜೇಡರ ಬಲೆ ತೆಗೆಯುತ್ತ ಹೇಳಿದಳು: ‘ಭಾನುವಾರ ಬಂದು ಕೂತ್ಕೋತೀನಿ. ಬಾಯಿ ಮಾತ್ರ ಬಿಡಲ್ಲ. ನಕ್ಕು ಸೆಟ್ ಮಾಡ್ತೀನಿ.’

ಭಾನುವಾರ ಹನ್ನೊಂದಕ್ಕೆ ಬಂದರು: ಅವನು, ಅವನ ಅಪ್ಪ ಅಮ್ಮ, ಮುಂದೆ ಕೋಲೂರಿಕೊಂಡು ಅವನ ಅಜ್ಜಿ. ಅವರನ್ನು ನೋಡಬೇಕಿತ್ತು. ಹಣೆಯ ಅಗಲವೇನು, ಕಾಸಿನ ಸರದ ತೂಕವೇನು, ದನಿಯೇನು! ರೈಲಿನ ಮೇಲೆ ಮಾತಾಡಿ ಮಾತಾಡಿ ಬಲಿತ ದನಿ ನಮ್ಮ ಕಿರಿದಾದ ನಡುಮನೆಯಲ್ಲಿ ಗೋಡೆಗೆ ಬಡಿದು ವಾಪಸ್ ಬರುತ್ತಿತ್ತು. ಆ ದನಿಯ ಹಿಂದೆ ಸಾಲಾಗಿ ಬಿಳಿ ಹಲ್ಲು.

ಅಮ್ಮ ಮೂರು ದಿನದಿಂದ ಕರಿದದ್ದನ್ನೆಲ್ಲ ತಂದಿಟ್ಟಳು. ಚಕ್ಕುಲಿ, ಕೋಡುಬಳೆ, ನಿಪ್ಪಟ್ಟು, ಒಂದಕ್ಕಿಂತ ಒಂದು ಗಟ್ಟಿ. ಹಲ್ಲಿದ್ದವರಿಗೆ ಕಡಲೆ ಇಲ್ಲ, ಕಡಲೆ ಇದ್ದವರಿಗೆ ಹಲ್ಲಿಲ್ಲ ಅನ್ನುವ ಗಾದೆಯನ್ನು ಯಾರೋ ತಟ್ಟೆಗೆ ಹಾಕಿ ತಂದಿಟ್ಟಂತಿತ್ತು. ನಮ್ಮಜ್ಜಿ ಅವರ ಎದುರು ಕೂತಳು. ಇಳಕಲ್ ಸೀರೆ, ಹಣೆಯಲ್ಲಿ ವಿಭೂತಿ, ತುಟಿ ಬಿಗಿದ ಮುಗುಳ್ನಗೆ.

‘ಏನವ್ವಾ, ಆರಾಮಿದೀಯಾ?’ ಅಂದರು ಅವನ ಅಜ್ಜಿ.

ನಮ್ಮಜ್ಜಿ ಕೈ ಮುಗಿದು ತಲೆ ಆಡಿಸಿದಳು.

‘ಎಷ್ಟು ಜನ ಮಕ್ಕಳು ನಿಂಗೆ?’

ಅಜ್ಜಿ ಮೂರು ಬೆರಳು ತೋರಿಸಿದಳು.

‘ನಮ್ ಹುಡುಗನ್ನ ನೋಡಿದ್ಯಾ? ಒಪ್ಗೆನಾ?’

ಅಜ್ಜಿ ಅವನತ್ತ ತಿರುಗಿ, ಅಗಲವಾಗಿ, ತುಟಿ ತೆರೆಯದೆ ನಕ್ಕಳು. ಅಮ್ಮ ನಡುವೆ ಬಾಯಿ ಹಾಕಿ ‘ಅತ್ತೆಗೆ ಸ್ವಲ್ಪ ಗಂಟಲು...’ ಅಂದಳು. ಅಪ್ಪ ಅದೇ ಹೊತ್ತಿಗೆ ‘ಅಮ್ಮ ಇವತ್ತು ಮೌನವ್ರತ’ ಅಂದರು. ಇಬ್ಬರೂ ಮುಖ ಮುಖ ನೋಡಿಕೊಂಡರು. ನಾನು ಕಾಫಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದೆ.

ಅವನ ಅಜ್ಜಿಯ ಹುಬ್ಬು ಗಂಟಿಕ್ಕಿತು. ಕೋಡುಬಳೆಯನ್ನು ಒಮ್ಮೆ ಕಚ್ಚಿ, ಮುಖ ಕಿವುಚಿ, ಹಾಗೇ ತಟ್ಟೆಯಲ್ಲಿಟ್ಟರು. ಕೋಲು ಊರಿದರು. ‘ನಡಿರ್ಲಾ ಹೋಗಾನ. ಜಾತಿ ಬ್ಯಾರೆ ಆದ್ರೇನು, ಮಾತೂ ಬ್ಯಾರೆ ಆಯ್ತದಾ? ಬಾಯಿ ಬುಟ್ಟು ಮಾತಾಡಕ್ಕೂ ನಾವು ಬ್ಯಾಡವಾದ್ವು ಇವ್ರಿಗೆ.’

ಅವರು ಎದ್ದೇ ಬಿಟ್ಟರು. ಅವನು ನನ್ನ ಕಡೆ ನೋಡಿದ. ಮುಗಿಯಿತು, ಮದುವೆಯನ್ನು ನನ್ನ ಕೈಯಾರೆ ಗಂಟು ಕಟ್ಟಿ ಅಟ್ಟಕ್ಕೆ ಹಾಕಿದೆ ಅಂದುಕೊಂಡೆ.

ಆಗ ನಮ್ಮಜ್ಜಿ ಎದ್ದಳು. ಮೊಣಕಾಲಿಗೆ ಕೈ ಕೊಟ್ಟುಕೊಂಡು ಎದ್ದು, ಆ ಯಜಮಾನಿಯ ಕೈ ಹಿಡಿದು, ತಾತ ಸಾಯುವವರೆಗೂ ನೋಡದ ಬೊಚ್ಚುಬಾಯನ್ನು ಏಳು ಜನರ ಮುಂದೆ ಅಷ್ಟಗಲ ತೆರೆದಳು.

‘ಕೂತ್ಕೊಳ್ಳಿ ತಾಯಿ. ನನ್ನ ಹಲ್ಸೆಟ್ಟು ಅಟ್ಟದ ಮೇಲೆ ಗೊಂಬೆಗಳ ಜೊತೆ ಮಲಗಿದೆ. ಮೊಮ್ಮಗಳು ಸುತ್ತಿಟ್ಬಿಟ್ಟಳು. ಅವಳ ಮದುವೆ ಜೋಡಿ ಗೊಂಬೆ, ಎಬ್ಬಿಸೋಕೆ ಮನಸ್ಸು ಬರ್ಲಿಲ್ಲ. ಬೊಚ್ಚುಬಾಯಿ ಅಂತ ನಾಚ್ಕೊಂಡೆ, ಅಷ್ಟೇ. ನಿಮ್ಮ ಮೇಲೆ ಏನೂ ಇಲ್ಲ.’

ಹೇಳಿದ್ದರಲ್ಲಿ ಕಾಲುಭಾಗ ಗಾಳಿ. ಅವನ ಅಜ್ಜಿ ಓಕಳಿಪುರದ ಅತಿ ಉದ್ದದ ಗೂಡ್ಸ್ ರೈಲೊಂದು ದಾಟಿಹೋಗುವಷ್ಟು ಹೊತ್ತು ಸುಮ್ಮನೆ ನಿಂತರು. ಆಮೇಲೆ ಕೋಲನ್ನು ಮೊಮ್ಮಗನ ಕೈಗೆ ಕೊಟ್ಟು, ಬಾಯಿಗೆ ಎರಡು ಬೆರಳು ಹಾಕಿ, ಕಟಕ್ ಎಂದು ಮೇಲಿನದನ್ನು ತೆಗೆದರು. ಕಟಕ್, ಕೆಳಗಿನದನ್ನೂ ತೆಗೆದರು. ಸೆರಗಿನ ತುದಿಯಲ್ಲಿ ಎರಡನ್ನೂ ಗಂಟು ಕಟ್ಟಿಕೊಂಡರು.

‘ಅಯ್ ನಿನ್ ಮನೆ ಕಾಯ್ವಾಗ! ನಂದೂ ಸೆಟ್ಟೇ ಕಣವ್ವ. ನಿನ್ ಮುಂದೆ ಕಮ್ಮಿ ಕಾಣ್ಬಾರ್ದು ಅಂತ ವೋದ್ವಾರ ಹೊಸುದು ಕಟ್ಟಿಸ್ಕಂಡು ಬಂದೆ. ಬೆಳಗಾಗಿಂದ ಒತ್ತಿ ಒತ್ತಿ ಜೀವ ತಗೀತಾ ಐತೆ. ನಿಮ್ ಕೋಡ್ಬಳೆ ಕಡ್ದೆ, ಸ್ವರ್ಗ ಕಾಣುಸ್ತು!’

ಯಾರು ಮೊದಲು ನಕ್ಕರೋ ಗೊತ್ತಿಲ್ಲ. ನಾನು ತಟ್ಟೆ ಕೆಳಗಿಟ್ಟು ನೆಲದ ಮೇಲೇ ಕೂತು ನಕ್ಕೆ, ನಗುತ್ತ ಅತ್ತೆ. ಅಪ್ಪ ಗೋಡೆಗೆ ಹಣೆ ಕೊಟ್ಟು ನಗುತ್ತಿದ್ದರು. ಇಬ್ಬರು ಮುದುಕಿಯರು ಒಬ್ಬರ ಭುಜ ಒಬ್ಬರು ಬಡಿದು, ಬಾಯೊಳಗೆ ಒಂದು ಹಲ್ಲೂ ಇಲ್ಲದೆ ನಗುತ್ತಿದ್ದುದನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ.

ಈಗ ತಿನ್ನಲು ಏನು ಕೊಡುವುದು? ಅಮ್ಮನ ಮೂರು ದಿನದ ಕರಿದ ತಿಂಡಿ ಇಬ್ಬರಿಗೂ ಕಲ್ಲು. ಅವನು ‘ಐದು ನಿಮಿಷ’ ಅಂದವನೇ ಬೈಕು ಹತ್ತಿ, ನ್ಯೂಸ್‌ಪೇಪರಿನಲ್ಲಿ ಸುತ್ತಿದ ಬಾಳೆ ಎಲೆಯ ಪೊಟ್ಟಣ ತಂದ. ನಮ್ಮ ದರ್ಶಿನಿಯ ಸೆಟ್ ದೋಸೆ. ಹತ್ತಿಯಂಥ ಮೆತ್ತನೆಯದು, ಹಲ್ಲೇ ಬೇಡ. ಪೆದ್ದ, ಗಾಬರಿಯಲ್ಲಿ ತಂದದ್ದು ಒಂದೇ ಸೆಟ್ಟು. ಇಬ್ಬರಿಗೂ ಒಂದೇ ತಟ್ಟೆಯಲ್ಲಿಟ್ಟೆವು. ಅವರೊಂದು, ಇವಳೊಂದು ಸಾಗುವಿನಲ್ಲಿ ಅದ್ದಿ ನುಂಗಿದರು. ಮೂರನೆಯದು ನಡುವೆ ಉಳಿಯಿತು.

‘ನೀವು ತಗೊಳ್ಳಿ,’ ಅಂದಳು ನಮ್ಮಜ್ಜಿ.

‘ನೀನು ತಕ್ಕೋ,’ ಅಂದರು ಅವನ ಅಜ್ಜಿ.

ಅವನೂ ನಾನೂ ಒಬ್ಬರನ್ನೊಬ್ಬರು ನೋಡಿಕೊಂಡೆವು. ಅವನ ಅಜ್ಜಿ ದೋಸೆಯನ್ನು ಎರಡಾಗಿ ಹರಿದು, ದೊಡ್ಡ ಭಾಗವನ್ನು ನಮ್ಮಜ್ಜಿಯ ಕಡೆ ಸರಿಸಿದರು. ‘ಮನೇಲಿ ಆರತಿ ಹಾಡು ನೀನೇ ಹೇಳೋದಂತಲ್ಲ, ಹುಡುಗ ಹೇಳ್ತಿದ್ದ. ತಿಂದ್ಬುಟ್ಟು ಒಂದು ಹೇಳವ್ವ.’

ಅಜ್ಜಿ ಹಾಡಿದಳು. ಹಲ್ಲಿಲ್ಲದೆ, ಎಲ್ಲರ ಮುಂದೆ. ಶ್ರುತಿ ಎಲ್ಲೂ ತಪ್ಪಲಿಲ್ಲ, ಅಕ್ಷರ ಮಾತ್ರ ಒಂದೂ ನಿಲ್ಲಲಿಲ್ಲ. ಮುಗಿದ ಮೇಲೆ ಅವನ ಅಜ್ಜಿ ಮಗನತ್ತ ತಿರುಗಿ ‘ಬೊಚ್ಚುಬಾಯಲ್ಲಿ ಇಷ್ಟು ಚೆಂದಾಗಿ ಹಾಡೋಳು ಇರೋ ಮನೇಲಿ ಹೆಣ್ಣು ತರದೆ ಇನ್ನೆಲ್ಲಿ ತರಾನ್ಲಾ? ದಿನ ನೋಡು’ ಅಂದರು. ನಮ್ಮಜ್ಜಿ ಎರಡೂ ಕೈ ಎತ್ತಿ ರಮ್ಮಿಯ ದನಿಯಲ್ಲಿ ಕೂಗಿದಳು: ‘ಸೆಟ್ಟಾಯ್ತು, ಶೋ!’

ಮಾಘದಲ್ಲಿ ಮದುವೆ ಆಯಿತು, ಬ್ಯಾಂಡ್‌ಸೆಟ್ಟಿನವರು ಒಂದು ಗಂಟೆ ತಡ. ಅಷ್ಟರಲ್ಲಿ ಅಜ್ಜಿಗೆ ಹೊಸ ಹಲ್ಲು ಬಂದಿತ್ತು, ಅವಳು ಅದನ್ನು ಹಾಕಿಕೊಳ್ಳುವುದು ಮಾತ್ರ ಮನಸ್ಸು ಬಂದಾಗ. ಮುಂದಿನ ದಸರಾಕ್ಕೆ ಟ್ರಂಕು ತೆಗೆಯಲು ಅವನ ಅಜ್ಜಿಯೂ ಓಕಳಿಪುರದಿಂದ ಬಂದು ಕೂತರು. ರಾಜ ರಾಣಿಯರ ನಡುವೆ ಆ ಪುಟ್ಟ ಗಂಟು. ಬಿಚ್ಚಿ, ತೊಳೆದು, ಹಾಕಿ ನೋಡಿದರೆ ಹಿಡಿಸಲಿಲ್ಲ, ವರ್ಷದಲ್ಲಿ ಅಜ್ಜಿಯ ವಸಡು ಸವೆದಿತ್ತು. ‘ಒಂದು ವರ್ಷ ಅರಮನೇಲಿ ಮಲಗಿ ಬಂದಿದೆ, ನನ್ನ ಬಾಯಿ ಅದಕ್ಕೆಲ್ಲಿ ಸೆಟ್ಟಾಗುತ್ತೆ?’ ಅಂದಳು. ದಸರಾ ಮುಗಿದು ಮತ್ತೆ ಸುತ್ತುವಾಗ ಅಮ್ಮ ಎಂಜಲು ಎಂಜಲು ಅನ್ನುತ್ತಿದ್ದರೂ ಅದನ್ನು ಟ್ರಂಕಿಗೇ ಇಡಿಸಿದಳು. ಅವನ ಅಜ್ಜಿ ಸೆರಗು ಬಿಚ್ಚಿ, ಜೀವ ತೆಗೆಯುತ್ತಿದ್ದ ತಮ್ಮ ಸೆಟ್ಟನ್ನೂ ಮುಂದಿಟ್ಟರು. ‘ಒಂದೇ ಯಾಕೆ ಮನೀಕಬೇಕು? ಜೋಡಿ ಇರ್ಲಿ.’ ಮುಚ್ಚಳದ ಪಟ್ಟಿಯ ಕೊನೆಗೆ ನಾನು ಬರೆದೆ: ಅಜ್ಜಿ ಸೆಟ್ – ಎರಡು.

ಇಬ್ಬರೂ ಈಗಿಲ್ಲ. ಮೊದಲು ಅವರು, ಅವರ ಹಿಂದೆಯೇ ನಮ್ಮಜ್ಜಿ. ಪಟ್ಟದ ಗೊಂಬೆಗಳ ಜೊತೆ ಆ ಟ್ರಂಕು ಬಸವನಗುಡಿಯ ನಮ್ಮ ಮನೆಗೆ ಬಂತು. ಪ್ರತಿ ವರ್ಷ ತೆಗೆಯುವಾಗ ಆ ಎರಡು ಗಂಟುಗಳನ್ನು ನಾನೇ ಬಿಚ್ಚುತ್ತೇನೆ. ನಗು ಬರುತ್ತದೆ, ಆಮೇಲೆ ಕಣ್ಣೊರೆಸಿಕೊಳ್ಳುತ್ತೇನೆ, ಮತ್ತೆ ನಗು ಬರುತ್ತದೆ.

ಮೊನ್ನೆ ಮನೆಗೆ ಬಣ್ಣ ಹೊಡೆಸಲು ಅಟ್ಟ ಖಾಲಿ ಮಾಡಬೇಕಾಯಿತು. ಇವನು ಟ್ರಂಕನ್ನು ಹೆಗಲ ಮೇಲಿಟ್ಟುಕೊಂಡು ಏಣಿ ಇಳಿಯುತ್ತ ಅಂದ, ‘ಒಳಗೇನೋ ಕಟಕಟ ಅಂತಿದೆ ಕಣೇ. ಇಲಿ ಸೇರಿದೆಯಾ? ತೆಗೆದು ನೋಡೋಣ್ವಾ?’

‘ಬೇಡ ಕಣೋ,’ ಅಂದೆ. ‘ಮಲಗಿದಾರೆ. ದಸರಾಗೆ ಎಬ್ಬಿಸೋಣ.’

ಅವನು ಮಾತು ನಿಲ್ಲಿಸಿ ಸ್ವಲ್ಪ ಹೊತ್ತು ಸುಮ್ಮನೆ ನಿಂತ. ಬಸವನಗುಡಿಯಲ್ಲಿ ಯಾವ ರೈಲೂ ಹೋಗುವುದಿಲ್ಲ. ಆಮೇಲೆ ಟ್ರಂಕನ್ನು ಎರಡೂ ಕೈಯಲ್ಲಿ ಹಿಡಿದು, ಸದ್ದಾಗದ ಹಾಗೆ, ನೆಲಕ್ಕಿಳಿಸಿದ.